ಸೈಕಿಯಾಟ್ರಿ ವಾರ್ಡಿನಲ್ಲಿ ರೋಗಿಯ ಮಾತು: ತಿಳಿದಿರಬೇಕಾದ ಹಕ್ಕು, ಕೇಳಬೇಕಾದ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನ ಮಗನನ್ನು ಒಂದು ಆಸ್ಪತ್ರೆಯ ಸೈಕಿಯಾಟ್ರಿ ವಾರ್ಡಿಗೆ ಸೇರಿಸಿದಾಗ ಜೊತೆಗೆ ನಿಂತದ್ದು ನಾನು. ಗಲ್ಫಿನಿಂದ ರಜೆಗೆ ಬಂದವನು ಎರಡು ವಾರ ಸರಿಯಾಗಿ ನಿದ್ದೆ ಮಾಡದೆ, ಮನೆಯವರನ್ನೇ ಸಂಶಯದಿಂದ ನೋಡಲು ಶುರು ಮಾಡಿದ್ದ. ವಾರ್ಡಿನಲ್ಲಿ ದಿನಾ ಬೆಳಿಗ್ಗೆ ರೌಂಡ್ಸ್. ಮುಂದೆ ಡಾಕ್ಟರ್, ಹಿಂದೆ ನಾಲ್ಕೈದು ಪಿಜಿ ವಿದ್ಯಾರ್ಥಿಗಳು, ಫೈಲ್ ಹಿಡಿದ ಒಬ್ಬರು ಸಿಸ್ಟರ್. "ನಿದ್ದೆ ಮಾಡಿದ್ರಾ? ಊಟ ಮಾಡಿದ್ರಾ? ಗಲಾಟೆ ಏನಾದ್ರೂ ಉಂಟಾ?" ಪ್ರಶ್ನೆ ನನಗೆ. ಉತ್ತರ ಕೊಡುವವನೂ ನಾನೇ. ಅವನು ಮಂಚದಲ್ಲಿ ಕಾಲು ಮಡಚಿ ಕೂತು ನಮ್ಮಿಬ್ಬರ ಮುಖವನ್ನು ನೋಡುತ್ತಿದ್ದ.

ಹದಿನೆಂಟನೇ ದಿನ ಡಿಸ್ಚಾರ್ಜ್. ಬಿಲ್ ಕೌಂಟರಿನಲ್ಲಿ ಒಂದು ಫಾರ್ಮ್ ಕೊಟ್ಟರು. ಚಿಕಿತ್ಸೆ ಹೇಗಿತ್ತು, ಸ್ವಚ್ಛತೆ ಹೇಗಿತ್ತು, ಸಿಬ್ಬಂದಿಯ ನಡವಳಿಕೆ ಹೇಗಿತ್ತು ಅಂತ. ಅದನ್ನೂ ತುಂಬಿಸಿದವನು ನಾನೇ. ಎಲ್ಲದಕ್ಕೂ 'ಉತ್ತಮ' ಎಂದು ಟಿಕ್ ಹಾಕಿದೆ. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅವನು ಹೇಳಿದ: "ಅಷ್ಟು ದಿನ ಎಲ್ಲರೂ ನನ್ನ ವಿಷಯ ಮಾತಾಡಿದ್ರು. ನನ್ನೊಟ್ಟಿಗೆ ಮಾತಾಡಿದ್ದು ಗುಡಿಸ್ಲಿಕ್ಕೆ ಬರ್ತಿದ್ದ ಆ ಅಕ್ಕ ಮಾತ್ರ."

ಎರಡು ತಿಂಗಳಲ್ಲಿ ಅವನು ಮಾತ್ರೆ ಬಿಟ್ಟ. ಕೈ ನಡುಗುತ್ತಿತ್ತು, ದವಡೆ ಬಿಗಿಯುತ್ತಿತ್ತು, ಕೂತಲ್ಲಿ ಕೂರಲಾಗದ ಚಡಪಡಿಕೆ. ಕಾಯಿಲೆ ಜಾಸ್ತಿಯಾಗಿದೆ ಎಂದು ಅವನು ತಿಳಿದುಕೊಂಡ. ಅದು ಮಾತ್ರೆಯ ಅಡ್ಡ ಪರಿಣಾಮ, ಡೋಸ್ ಬದಲಿಸಿದರೆ ಅಥವಾ ಇನ್ನೊಂದು ಮಾತ್ರೆ ಸೇರಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಿದ್ದರೋ ಏನೋ, ನಾನು ಬಿಲ್ಲಿನ ತಲೆಬಿಸಿಯಲ್ಲಿದ್ದೆ. ಮತ್ತೆ ಅಡ್ಮಿಟ್ ಮಾಡಬೇಕಾಯಿತು.

ಆಮೇಲೆ ಓದಿ, ಕೇಳಿ, ತಿಳಿದವರಲ್ಲಿ ವಿಚಾರಿಸಿ ಗೊತ್ತು ಮಾಡಿಕೊಂಡದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಾನಸಿಕ ಚಿಕಿತ್ಸೆಯಲ್ಲಿ ರೋಗಿಗೆ ಸಮಾಧಾನ ಸಿಗುವುದು ಯಾವಾಗ, ಸಿಬ್ಬಂದಿ ಅವನೊಡನೆ ಹೇಗೆ ಮಾತಾಡಬೇಕೆಂದು ಕಾನೂನು ಹೇಳುತ್ತದೆ, ಮತ್ತು ನಮ್ಮ ಗಡಿ ಊರಿನವರು ಏನನ್ನು ಕೇಳಿ ಪಡೆಯಬಹುದು ಎಂಬುದು ವಿಷಯ.

ಫಾರ್ಮಿನಲ್ಲಿ 'ಉತ್ತಮ', ಮನಸ್ಸಿನಲ್ಲಿ ಬೇರೆ

ರೋಗಿಯ ತೃಪ್ತಿಯನ್ನು ಅಳೆಯುವ ಪ್ರಯತ್ನ ಹೊಸತಲ್ಲ. 1979ರಲ್ಲಿ ಅಮೆರಿಕದ ಸಂಶೋಧಕರು ಎಂಟು ಪ್ರಶ್ನೆಗಳ ಒಂದು ಸಣ್ಣ ಪಟ್ಟಿ ತಯಾರಿಸಿದರು. ಪ್ರತಿ ಪ್ರಶ್ನೆಗೆ 1ರಿಂದ 4 ಅಂಕ, ಒಟ್ಟು 8ರಿಂದ 32. ಇವತ್ತಿಗೂ ಅನೇಕ ದೇಶಗಳಲ್ಲಿ ಅದೇ ಬಳಕೆಯಲ್ಲಿದೆ. ಇಟಲಿಯ ವೆರೋನಾದಲ್ಲಿ ಮಾನಸಿಕ ಆರೋಗ್ಯ ಸೇವೆಗೆಂದೇ ಇದಕ್ಕಿಂತ ವಿವರವಾದ ಇನ್ನೊಂದು ಪಟ್ಟಿ ಸಿದ್ಧವಾಯಿತು. ಅದರಲ್ಲಿ ಸಿಬ್ಬಂದಿಯ ನಡವಳಿಕೆ, ಮಾಹಿತಿ, ಮನೆಯವರನ್ನು ಸೇರಿಸಿಕೊಂಡ ರೀತಿ ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ.

ಹೀಗೆ ಬೇರೆ ಬೇರೆಯಾಗಿ ಕೇಳುವುದಕ್ಕೆ ಕಾರಣ ಉಂಟು. "ಒಟ್ಟಾರೆ ಹೇಗಿತ್ತು?" ಅಂದರೆ ಹೆಚ್ಚಿನವರು "ಒಳ್ಳೇದಿತ್ತು" ಅನ್ನುತ್ತಾರೆ. ಮುಂದಿನ ತಿಂಗಳು ಅದೇ ಡಾಕ್ಟರ ಬಳಿಗೇ ಹೋಗಬೇಕು, ಫಾರ್ಮ್ ಕೊಟ್ಟ ಸಿಸ್ಟರ್ ಎದುರಿಗೇ ನಿಂತಿದ್ದಾರೆ, ದೂರು ಹೇಳಿದರೆ "ಇನ್ನೂ ತಲೆ ಸರಿಯಾಗಿಲ್ಲ" ಅಂದಾರು ಎಂಬ ಹೆದರಿಕೆ. ಸೈಕಿಯಾಟ್ರಿ ರೋಗಿಗೆ ಈ ಕೊನೆಯ ಹೆದರಿಕೆ ಉಳಿದ ರೋಗಿಗಳಿಗಿಂತ ದೊಡ್ಡದು. ಅವನ ದೂರನ್ನೇ ರೋಗದ ಲಕ್ಷಣ ಎಂದು ಬರೆದುಬಿಡಬಹುದಲ್ಲ! ಆದರೆ ಕಾಯಿಲೆಯ ಹೆಸರು ಹೇಳಿದರಾ, ಮಾತ್ರೆ ಯಾಕೆ ಅಂತ ಹೇಳಿದರಾ, ಎಷ್ಟು ಕಾಲ ತಿನ್ನಬೇಕು ಅಂತ ಹೇಳಿದರಾ ಎಂದು ಬಿಡಿಸಿ ಕೇಳಿದಾಗ ಉತ್ತರ ಬದಲಾಗುತ್ತದೆ. ಒಟ್ಟು ತೃಪ್ತಿ ಮೇಲಿರುವ ಕಡೆಯಲ್ಲೂ ಮಾಹಿತಿಯ ವಿಷಯದಲ್ಲಿ ಅಂಕ ಕೆಳಗಿಳಿಯುವುದು ಬೇರೆ ಬೇರೆ ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಮ್ಯಾಕ್‌ಆರ್ಥರ್ ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಮಾನಸಿಕ ಆಸ್ಪತ್ರೆಗೆ ಸೇರಿದವರನ್ನು "ನಿಮ್ಮನ್ನು ಬಲವಂತ ಮಾಡಿದರು ಅಂತ ಅನ್ನಿಸ್ತಾ?" ಎಂದು ಕೇಳಿದರು. ಸ್ವಂತ ಸಹಿ ಹಾಕಿ ಸೇರಿದವರಲ್ಲೂ ಕೆಲವರು "ಹೌದು, ಬಲವಂತ" ಅಂದರು. ಕಾನೂನಿನ ಪ್ರಕಾರ ಬಲವಂತವಾಗಿಯೇ ಸೇರಿಸಲ್ಪಟ್ಟವರಲ್ಲಿ ಕೆಲವರು "ಹಾಗೇನಿಲ್ಲ" ಅಂದರು. ವ್ಯತ್ಯಾಸ ಎಲ್ಲಿ ಅಂತ ಹುಡುಕಿದಾಗ ಸಿಕ್ಕಿದ್ದು ಇದು: ನನ್ನ ಮಾತು ಕೇಳಿದರು, ನನ್ನ ಅಭಿಪ್ರಾಯಕ್ಕೆ ಬೆಲೆ ಕೊಟ್ಟರು, ಮೋಸ ಮಾಡದೆ ಕರೆತಂದರು ಅಂತ ಅನ್ನಿಸಿದವರಿಗೆ ಬಲವಂತದ ನೋವು ಕಡಿಮೆ. "ಬಾ, ಮದುವೆ ಮನೆಗೆ ಹೋಗುವ" ಅಂತ ಸುಳ್ಳು ಹೇಳಿ ಗಾಡಿ ಹತ್ತಿಸಿ ಆಸ್ಪತ್ರೆ ಗೇಟಿನಲ್ಲಿ ಇಳಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ಯೋಚಿಸಿ. ನಾವೂ ಅದನ್ನೇ ಮಾಡಿದ್ದು. ಅವನು ಅದನ್ನು ಇನ್ನೂ ಮರೆತಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಗುಜರಾತ್ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 'ಕ್ವಾಲಿಟಿ ರೈಟ್ಸ್' ಎಂಬ ಕಾರ್ಯಕ್ರಮವನ್ನು ಅಲ್ಲಿಯ ಆರು ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಜಾರಿ ಮಾಡಿ, ಜಾರಿ ಮಾಡದ ಮೂರು ಕೇಂದ್ರಗಳ ಜೊತೆ ಹೋಲಿಸಿ ನೋಡಿದರು. ರೋಗಿಯ ಹಕ್ಕು ಏನು, ಅವನೊಡನೆ ಹೇಗೆ ವರ್ತಿಸಬೇಕು ಎಂದು ಸಿಬ್ಬಂದಿಗೆ ತರಬೇತಿ ಕೊಡುವುದು ಕಾರ್ಯಕ್ರಮದ ಮುಖ್ಯ ಭಾಗ. ಒಂದು ವರ್ಷದಲ್ಲಿ ಆ ಆರು ಕಡೆ ಸಿಬ್ಬಂದಿಯ ಮನೋಭಾವ ಸುಧಾರಿಸಿತು, ರೋಗಿಗಳ ತೃಪ್ತಿ ಹೆಚ್ಚಿತು, ಮನೆಯವರ ಹೊರೆಯೂ ಸ್ವಲ್ಪ ಇಳಿಯಿತು. ಇದರ ವರದಿ 2019ರಲ್ಲಿ ಪ್ರಕಟವಾಗಿದೆ. ಅಂದರೆ "ಸರ್ಕಾರಿ ಆಸ್ಪತ್ರೆಯಲ್ಲಿ ಇದೆಲ್ಲ ಆಗುವ ಮಾತಾ?" ಅನ್ನುವವರಿಗೆ ಉತ್ತರ ಸಿಕ್ಕಿ ವರ್ಷಗಳಾದವು.

ಬ್ಯಾರಿ, ತುಳು, ಕನ್ನಡ, ಮಲಯಾಳಂ: ಯಾವ ಮಾತಿನಲ್ಲಿ ನೋವು ಹೇಳುವುದು?

ಹೃದಯಕ್ಕೆ ಇಸಿಜಿ ಉಂಟು, ಮೂಳೆಗೆ ಎಕ್ಸ್‌ರೇ ಉಂಟು. ಸೈಕಿಯಾಟ್ರಿಯಲ್ಲಿ ಹೆಚ್ಚು ಕಡಿಮೆ ರೋಗಿಯ ಮಾತೇ ಪರೀಕ್ಷೆ. ಮಾತು ಡಾಕ್ಟರಿಗೆ ಸರಿಯಾಗಿ ಮುಟ್ಟದಿದ್ದರೆ ಪರೀಕ್ಷೆಯೇ ತಪ್ಪು.

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ಮನೆಗಳ ಸಂಗತಿ ನೋಡಿ. ಒಳಗೆ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳಂ. ಕಾಯಿಲೆಯಾದರೆ ಒಂದೋ ದಕ್ಷಿಣಕ್ಕೆ ಕಾಸರಗೋಡು ಜನರಲ್ ಆಸ್ಪತ್ರೆ, ಅಲ್ಲಿಂದ ಮುಂದೆ ಕಣ್ಣೂರು, ಕೋಝಿಕ್ಕೋಡಿನ ಕುದಿರವಟ್ಟಂ. ಇಲ್ಲವೇ ತಲಪಾಡಿ ದಾಟಿ ದೇರಳಕಟ್ಟೆ, ಕಂಕನಾಡಿ, ವೆನ್ಲಾಕ್. ಮುಂದೆ ಕೂತ ಪಿಜಿ ಡಾಕ್ಟರ್ ಕಲಬುರಗಿಯವರಾಗಿರಬಹುದು, ಕೊಲ್ಲಂನವರಾಗಿರಬಹುದು, ದಿಲ್ಲಿಯವರೂ ಆಗಿರಬಹುದು. ಅವರ ತಪ್ಪಲ್ಲ. ಆದರೆ ನಮ್ಮ ಊರಿನ ಹೆಂಗಸು "ಮಂಡೆ ಬೆಚ್ಚ ಆಗ್ತದೆ" ಅಂದರೆ ಅದು ಜ್ವರವಲ್ಲ, ಚಿಂತೆ ಎಂದು ತುಳುನಾಡಿನವರಿಗೆ ಮಾತ್ರ ಗೊತ್ತು. "ಎದೆಯಲ್ಲಿ ಉರಿ", "ಕೈಕಾಲಲ್ಲಿ ಬಲ ಇಲ್ಲ", "ಬೇಜಾರು" ಇವೆಲ್ಲ ಡಿಪ್ರೆಶನ್ನಿನ ಬಾಗಿಲಾಗಿರಬಹುದು, ಗ್ಯಾಸ್ಟ್ರಿಕ್ ಕೂಡ ಆಗಿರಬಹುದು. ಮಾತು ಬಿಡಿಸಿ ಕೇಳಿದರೆ ತಾನೇ ಗೊತ್ತಾಗುವುದು?

ಇಲ್ಲಿ ಕಾನೂನು ನಮ್ಮ ಪರವಾಗಿದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017 ಎಂಬುದು ದೇಶಕ್ಕೆಲ್ಲ ಅನ್ವಯಿಸುವ ಕೇಂದ್ರ ಕಾಯ್ದೆ, 2018ರಿಂದ ಜಾರಿಯಲ್ಲಿದೆ. ಅದರ 22ನೇ ಸೆಕ್ಷನ್ ಪ್ರಕಾರ ಯಾವ ನಿಯಮದಡಿ ನನ್ನನ್ನು ಸೇರಿಸಿದ್ದಾರೆ, ನನ್ನ ಕಾಯಿಲೆ ಏನು, ಯಾವ ಚಿಕಿತ್ಸೆ ಕೊಡಲಿದ್ದಾರೆ, ಅದರ ಗೊತ್ತಿರುವ ಅಡ್ಡ ಪರಿಣಾಮ ಏನು ಎಂದು ತಿಳಿಯುವ ಹಕ್ಕು ರೋಗಿಗೆ ಇದೆ. ಈ ಮಾಹಿತಿಯನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಕೊಡಬೇಕು. 4ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ ಸರಳ ಮಾತು ಸಾಲದಿದ್ದರೆ ಸನ್ನೆ ಭಾಷೆ, ಚಿತ್ರ ಬಳಸಿಯಾದರೂ ತಿಳಿಸಬೇಕು ಅನ್ನುತ್ತದೆ. ಹಾಗಾಗಿ "ನಮ್ಮ ಉಮ್ಮನಿಗೆ ಕನ್ನಡ ಬರುವುದಿಲ್ಲ, ಬ್ಯಾರಿ ಅಥವಾ ಮಲಯಾಳಂ ಗೊತ್ತಿರುವ ಯಾರಾದರೂ ಸಿಸ್ಟರ್ ಇದ್ದಾರಾ?" ಎಂದು ಕೇಳುವುದು ಉಪಕಾರ ಬೇಡಿದ ಹಾಗಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸ್‌ಗಳು ಬೇಕಾದಷ್ಟಿದ್ದಾರೆ, ಕೇಳಿದರೆ ಸಿಗುತ್ತಾರೆ. ಮನೆಯ ಸಣ್ಣ ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ಉಮ್ಮ "ಸಾಯುವ ಅನ್ನಿಸ್ತದೆ" ಅಂದದ್ದನ್ನು ಹತ್ತು ವರ್ಷದ ಮಗು ಡಾಕ್ಟರಿಗೆ ತರ್ಜುಮೆ ಮಾಡಬೇಕಾ?

ಜೊತೆಗೆ ನಿಂತವರು ಎಷ್ಟು ಮಾತಾಡಬೇಕು

ರೋಗಿಯ ಜೊತೆ ಮನೆಯವರು ವಾರ್ಡಿನಲ್ಲೇ ಉಳಿಯುವುದು ನಮ್ಮ ದೇಶದ ಸೈಕಿಯಾಟ್ರಿಯ ದೊಡ್ಡ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನು ರೋಗಿಯ ಜೊತೆಗೇ ಇರಿಸಿದರು. ರೋಗಿಗಳು ಬೇಗ ಚೇತರಿಸಿ ಮನೆಗೆ ಹೋದರು, ಮನೆಯವರಿಗೂ ಕಾಯಿಲೆಯ ತಿಳಿವಳಿಕೆ ಬಂತು. ವೆಲ್ಲೂರಿನ ಸಿಎಂಸಿ ಮಾನಸಿಕ ಆರೋಗ್ಯ ಕೇಂದ್ರವೂ ಅದೇ ದಾರಿ ಹಿಡಿಯಿತು. ಬೀಗ ಹಾಕಿದ ದೊಡ್ಡ ಆಸ್ಪತ್ರೆಯಲ್ಲಿ ಬಿಟ್ಟು ಮರೆಯುವ ಕಾಲದಿಂದ ಇದು ಎಷ್ಟೋ ದೊಡ್ಡ ಹೆಜ್ಜೆ.

ಆದರೆ ಇದರಲ್ಲೇ ಒಂದು ತೊಡಕೂ ಉಂಟು. ಮನೆಯವರು ಪಕ್ಕದಲ್ಲೇ ಇರುವುದರಿಂದ ಸಿಬ್ಬಂದಿಗೆ ಸುಲಭದ ದಾರಿ ಸಿಕ್ಕಿತು: ರೋಗಿಯನ್ನು ಬಿಟ್ಟು ಅವರನ್ನು ಕೇಳುವುದು. ಹೊರರೋಗಿ ವಿಭಾಗದಲ್ಲಿ ಸಾಲು ಇರುವಾಗ ಐದು ನಿಮಿಷದಲ್ಲಿ ವಿಷಯ ಮುಗಿಸಲು ಬೈಸ್ಟ್ಯಾಂಡರ್ ಒಳ್ಳೆಯ ಉಪಾಯ. ನಮ್ಮ ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ ಎಂಬ ಲೆಕ್ಕ ನೋಡಿದರೆ ಡಾಕ್ಟರ ಅವಸರವೂ ಅರ್ಥವಾಗುತ್ತದೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೇರೆ ಬೇರೆ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92 ಎಂದು ಕಂಡುಬಂತು. ಹೀಗಿರುವಾಗ ಕಷ್ಟಪಟ್ಟು ಆಸ್ಪತ್ರೆಯ ತನಕ ಬಂದವನನ್ನು ಮಾತಾಡಿಸದೆ ಕಳಿಸಿ, ಅವನು ಮತ್ತೆ ಬಾರದಿದ್ದರೆ ನಷ್ಟ ಯಾರಿಗೆ?

ಜೊತೆಗೆ ಹೋಗುವ ಯುವಕರಿಗೆ ನನ್ನ ಅನುಭವದಿಂದ ಒಂದು ಮಾತು. ಡಾಕ್ಟರ್ ನಿಮ್ಮತ್ತ ನೋಡಿ ಪ್ರಶ್ನೆ ಕೇಳಿದರೆ "ಅವನನ್ನೇ ಕೇಳಿ ಸಾರ್, ಬಿಟ್ಟದ್ದಿದ್ದರೆ ನಾನು ಹೇಳ್ತೇನೆ" ಅನ್ನಿ. ಅವನಿಗೆ ಡಾಕ್ಟರ ಜೊತೆ ಒಬ್ಬನೇ ಮಾತಾಡಲು ಹತ್ತು ನಿಮಿಷ ಬಿಟ್ಟು ಹೊರಗೆ ಹೋಗಿ. ಗಂಡನ ಎದುರು ಹೇಳಲಾಗದ್ದು ಹೆಂಡತಿಗೆ ಇರುತ್ತದೆ, ಬಾಪನ ಎದುರು ಹೇಳಲಾಗದ್ದು ಮಗನಿಗೆ ಇರುತ್ತದೆ. ಗಾಂಜಾ, ಎಂಡಿಎಂಎ ವಿಷಯವನ್ನು ಯಾವ ಹುಡುಗ ಮನೆಯವರ ಎದುರು ಬಾಯಿ ಬಿಡುತ್ತಾನೆ?

ಹೇಳಿದ್ದು ಹೊರಗೆ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಜಾಸ್ತಿ. ತಂಗಿಯ ನಿಕಾಹ್ ನಿಂತುಹೋದೀತು ಎಂದು ಅಣ್ಣನ ಫೈಲನ್ನೇ ಅಡಗಿಸಿಡುವ ಮನೆಗಳಿವೆ. ಗೋಪ್ಯತೆ ಕೂಡ ಕಾನೂನಿನ ಹಕ್ಕು, 23ನೇ ಸೆಕ್ಷನ್. 24ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ, ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಇವರಿಗಾಗಿ ದುಆ ಮಾಡಿ" ಅಂತ ವಾರ್ಡಿನ ಫೋಟೊ ಹಾಕುವವರು ಒಮ್ಮೆ ನಿಂತು ಯೋಚಿಸಿದರೆ ಒಳ್ಳೆಯದು.

ಮಾತ್ರೆಯ ಬಗ್ಗೆ ಏನು ಕೇಳಬೇಕು

ಮಾತ್ರೆಯ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ, ಎಷ್ಟು ತಿಂಗಳು, ಬಿಟ್ಟರೆ ಏನಾಗುತ್ತದೆ. ಇಷ್ಟು ಎಲ್ಲರೂ ಕೇಳಲೇಬೇಕು. ಇದರ ಮೇಲೆ ಕೆಲವು ವಿಷಯ ಗೊತ್ತಿದ್ದರೆ ಅರ್ಧ ಗಾಬರಿ ತಪ್ಪುತ್ತದೆ.

ಡಿಪ್ರೆಶನ್ನಿನ ಮಾತ್ರೆ ತಿಂದ ಮರುದಿನವೇ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಬಂದರೆ ಹೆಚ್ಚಾಗಿ ತಾನೇ ಕಡಿಮೆಯಾಗುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುತ್ತದೆ. ಹೊಸತಾಗಿ ಮದುವೆಯಾದ ಗಂಡಸರು ಇದೇ ಕಾರಣಕ್ಕೆ ಮಾತ್ರೆ ಬಿಟ್ಟು, ಕಾರಣವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಡಾಕ್ಟರಿಗೆ ಇದು ದಿನನಿತ್ಯದ ಮಾತು, ನಾಚಿಕೆ ಬೇಡ, ಬೇರೆ ಮಾತ್ರೆ ಇದೆ. ಸಂಶಯ, ಭ್ರಮೆಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಕೈಕಾಲು ಬಿಗಿಯುವಂತೆ ಮಾಡುತ್ತವೆ, ಕೆಲವು ತೂಕ ಹೆಚ್ಚಿಸುತ್ತವೆ. ರಿಸ್ಪೆರಿಡೋನ್‌ನಂತಹ ಮಾತ್ರೆಯಿಂದ ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಗರ್ಭ ನಿಂತಿತೋ ಎಂದು ಮನೆಯಲ್ಲಿ ಗುಸುಗುಸು ಶುರುವಾಗುವ ಮೊದಲು ಡಾಕ್ಟರಿಗೆ ಹೇಳುವುದು ಒಳ್ಳೆಯದು. ವಾಲ್‌ಪ್ರೊಯೇಟ್ ಎಂಬ ಮಾತ್ರೆ ಗರ್ಭದ ಮಗುವಿಗೆ ತೊಂದರೆ ಮಾಡುವ ಸಾಧ್ಯತೆ ಇರುವುದರಿಂದ ಮಗು ಬೇಕೆನ್ನುವ ಹೆಂಗಸರು ಮೊದಲೇ ಕೇಳಬೇಕು. ಆದರೆ ಯಾವ ಮಾತ್ರೆಯನ್ನೂ ಸ್ವಂತ ತೀರ್ಮಾನದಿಂದ ಒಮ್ಮೆಗೇ ನಿಲ್ಲಿಸಬಾರದು.

ರಮಝಾನ್ ವಿಷಯ ಪ್ರತ್ಯೇಕ ಹೇಳಬೇಕು. ಮೂಡ್ ಏರಿಳಿತಕ್ಕೆ ಲಿಥಿಯಂ ತಿನ್ನುವವರು ನೀರು ಕಡಿಮೆ ಕುಡಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುವ ಅಪಾಯ ಇದೆ. ವಾಂತಿ, ಭೇದಿ, ಜೋರಾದ ಕೈ ನಡುಕ, ತೂಕಡಿಕೆ ಅದರ ಸೂಚನೆ. ನಮ್ಮವರಲ್ಲಿ ಹಲವರು ಉಪವಾಸದ ತಿಂಗಳು ಮಾತ್ರೆಯನ್ನೇ ಬಿಡುತ್ತಾರೆ, ಇಲ್ಲವೇ ಮೂರು ಹೊತ್ತಿನದ್ದನ್ನು ಇಫ್ತಾರ್ ಆದ ಕೂಡಲೇ ಒಟ್ಟಿಗೆ ನುಂಗುತ್ತಾರೆ. ಎರಡೂ ಅಪಾಯ. "ಡಾಕ್ಟರ್ ನಮ್ಮವರಲ್ಲ, ಉಪವಾಸ ಬೇಡ ಅಂದಾರು" ಎಂದು ವಿಷಯವನ್ನೇ ಎತ್ತುವುದಿಲ್ಲ. ಎತ್ತಿ ನೋಡಿ. ರಮಝಾನ್‌ಗೆ ಒಂದು ತಿಂಗಳು ಮೊದಲೇ ಹೇಳಿದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯ ಹೊತ್ತನ್ನು ಇಫ್ತಾರ್, ಸಹ್ರಿಗೆ ಹೊಂದಿಸಲು ಸಾಧ್ಯವಾ ಅಂತ ಅವರು ನೋಡುತ್ತಾರೆ. ಆಗುವುದಿಲ್ಲ ಅಂದರೆ ರೋಗಿಗೆ ರಿಯಾಯಿತಿ ಇರುವುದು ನಮಗೆ ಗೊತ್ತೇ ಉಂಟಲ್ಲ.

ಉಸ್ತಾದರ ಬಳಿ ಹೋದದ್ದು, ಮಂತ್ರಿಸಿದ ನೂಲು ಕಟ್ಟಿದ್ದು, ನಾಟಿ ಮದ್ದು ಕುಡಿಸಿದ್ದು ಇವನ್ನೂ ಮುಚ್ಚಿಡಬೇಡಿ. ಮದ್ದಿನ ವಿಷಯವಂತೂ ಮಾತ್ರೆಯ ಜೊತೆ ಹೊಂದುತ್ತದೋ ಇಲ್ಲವೋ ನೋಡಲು ಡಾಕ್ಟರಿಗೆ ಗೊತ್ತಿರಲೇಬೇಕು. ದುಆಕ್ಕೆ ಯಾವ ಡಾಕ್ಟರೂ ಅಡ್ಡಿ ಹೇಳುವುದಿಲ್ಲ. ಅಡ್ಡಿ ಇರುವುದು ಸಂಕೋಲೆಗೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಒಂದು ಖಾಸಗಿ ಆಶ್ರಯ ಮನೆಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಈಗಿನ ಕಾಯ್ದೆಯಲ್ಲಿ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಯಾವ ರೂಪದಲ್ಲೂ ನಿಷಿದ್ಧ.

ವಾರ್ಡಿನೊಳಗಿನ ಹಕ್ಕುಗಳು

ಸ್ವಂತ ಇಚ್ಛೆಯಿಂದ ಸೇರಿದವರು ಡಿಸ್ಚಾರ್ಜ್ ಕೇಳಿದರೆ ಕೊಡಬೇಕು. ಅಪಾಯ ಕಂಡರೆ ಪರಿಶೀಲನೆಗಾಗಿ 24 ಗಂಟೆ ತಡೆಹಿಡಿಯಬಹುದು, ಅಷ್ಟೇ. ಒಪ್ಪುವ ಸ್ಥಿತಿಯಲ್ಲಿ ಇಲ್ಲದವರನ್ನು ಸೇರಿಸಲು ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಇಂಥ ದಾಖಲಾತಿ ಮೊದಲಿಗೆ 30 ದಿನ ಮೀರುವಂತಿಲ್ಲ. ಆಸ್ಪತ್ರೆ ಇದನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ 7 ದಿನದೊಳಗೆ ತಿಳಿಸಬೇಕು, ಹೆಂಗಸರ ಮತ್ತು ಮಕ್ಕಳ ವಿಷಯದಲ್ಲಿ 3 ದಿನದೊಳಗೆ.

ಕೈಕಾಲು ಕಟ್ಟುವುದು, ಒಂಟಿ ಕೋಣೆಗೆ ಹಾಕುವುದು ಬೇರೆ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತೆಯೇ ಇಲ್ಲ. ರೋಗಿಗೋ ಬೇರೆಯವರಿಗೋ ಆ ಕ್ಷಣಕ್ಕೆ ಅಪಾಯ ಇದ್ದು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಎಷ್ಟು ಬೇಕೋ ಅಷ್ಟೇ ಹೊತ್ತು ಹಿಡಿದಿಡಬಹುದು. ಕಾರಣವನ್ನು ಫೈಲಿನಲ್ಲಿ ಬರೆಯಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ, "ಸಿಬ್ಬಂದಿ ಕಡಿಮೆ" ಎಂಬುದೂ ಕಾರಣ ಆಗುವುದಿಲ್ಲ. ಕರೆಂಟ್ ಕೊಡುವುದು ಅಂತ ಜನ ಹೆದರುವ ಇಸಿಟಿ ಚಿಕಿತ್ಸೆಯನ್ನು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಇಲ್ಲದೆ ಕೊಡುವುದು ನಿಷಿದ್ಧ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ಹಾಕಲು ಬಿಡಬೇಕು, ಫೋನ್ ಮಾಡಲು, ಬಂದವರನ್ನು ಕಾಣಲು, ಬೇಡದವರನ್ನು ಬೇಡ ಅನ್ನಲು ಹಕ್ಕಿದೆ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ.

ಚೆನ್ನಾಗಿರುವಾಗಲೇ ಮಾಡಿಡಬಹುದಾದ ಒಂದು ಕೆಲಸ ಉಂಟು. ಬಿಳಿ ಕಾಗದದಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ನಂಬಿಕೆಯ ಒಬ್ಬರನ್ನು ನಿಮ್ಮ ಪ್ರತಿನಿಧಿಯಾಗಿ ನೇಮಿಸಿ ಇಡುವುದು. ಅವರು ಅಪ್ಪ, ಅಣ್ಣ, ಗಂಡನೇ ಆಗಬೇಕೆಂದಿಲ್ಲ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡ ನಿರ್ದೇಶನವನ್ನೂ ಬರೆದಿಡಬಹುದು, ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ದೂರು ಇದ್ದರೆ ಮೊದಲು ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಅಥವಾ ಸೋಶಿಯಲ್ ವರ್ಕರ್ ಹತ್ತಿರ ಹೇಳಿ. ಮಾತಿನಲ್ಲೇ ಮುಗಿಯುವುದು ಬಹಳ. ಮುಗಿಯದಿದ್ದರೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ ಬರಹದಲ್ಲಿ, ನಂತರ ಆಸ್ಪತ್ರೆ ಇರುವ ರಾಜ್ಯದ ಪರಿಶೀಲನಾ ಮಂಡಳಿಗೆ. ಮಂಡಳಿಗೆ ಅರ್ಜಿ ಹಾಕಲು ಶುಲ್ಕ ಇಲ್ಲ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು. ನಿಜ ಹೇಳಬೇಕೆಂದರೆ ಕಾಗದದ ಮೇಲಿನ ಹಕ್ಕು ಎಲ್ಲಾ ಕಡೆ ನೆಲಕ್ಕೆ ಇಳಿದಿಲ್ಲ. ಎಷ್ಟೋ ಸಲ ಎದುರಿನ ಸಿಬ್ಬಂದಿಗೇ ಈ ಸೆಕ್ಷನ್‌ಗಳು ಗೊತ್ತಿರುವುದಿಲ್ಲ. ಜಗಳಕ್ಕೆ ನಿಲ್ಲದೆ, ವಿಷಯ ಗೊತ್ತಿದ್ದು ಮೆಲ್ಲಗೆ ಕೇಳುವವರಿಗೆ ಹೆಚ್ಚು ಸಿಗುತ್ತದೆ ಎಂಬುದು ನಾನು ಕಂಡದ್ದು.

ಗಡಿಯ ಈಚೆಯವರಿಗೆ ಇನ್ನೊಂದು ಸಂಗತಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಮುಚ್ಚಿದಾಗ ಮಂಜೇಶ್ವರ ಕಡೆಯ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಫೈಲ್ ಮಂಗಳೂರಿನಲ್ಲಿ, ರೋಗಿ ಮನೆಯಲ್ಲಿ. ದಾಖಲೆಯನ್ನು ಕೇಳಿ ಪಡೆಯುವ ಹಕ್ಕು 25ನೇ ಸೆಕ್ಷನ್ನಿನಲ್ಲಿದೆ. ಡಿಸ್ಚಾರ್ಜ್ ಸಮ್ಮರಿ, ಈಗಿನ ಮಾತ್ರೆ ಚೀಟಿಯ ಫೋಟೊ ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಿ ಇರಲಿ. ಆಗ ಕಾಸರಗೋಡಿನ ಡಾಕ್ಟರಿಗೂ ತೋರಿಸಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಮಾತಾಡಬಹುದು. ಸಾಯುವ ಯೋಚನೆ ಬರುವವರು ಇದಕ್ಕೆ ಕೂಡಲೇ ಕರೆ ಮಾಡಬೇಕು. ಕೇರಳದಲ್ಲಿ 'ದಿಶಾ'ದ 1056 ಕೂಡ ಇದೆ.

ಮಾವನ ಮಗನ ಎರಡನೇ ಅಡ್ಮಿಶನ್ ಬಗ್ಗೆ ಹೇಳಿ ಮುಗಿಸುತ್ತೇನೆ. ಈ ಸಲ ಮೊದಲೇ ಹೇಳಿ, ಒಪ್ಪಿಸಿ ಕರೆದುಕೊಂಡು ಹೋದೆವು. ಒಪ್ಪಿಸಲು ಮೂರು ದಿನ ಹಿಡಿಯಿತು. ಡ್ಯೂಟಿಯಲ್ಲಿದ್ದ ಪಿಜಿ ಡಾಕ್ಟರ್, ಉತ್ತರ ಕರ್ನಾಟಕದ ಹುಡುಗಿ, ನನ್ನನ್ನು ಹೊರಗೆ ಕಳಿಸಿ ಅವನ ಜೊತೆ ಅರ್ಧ ಗಂಟೆ ಕೂತರು. ಅವರ ಕನ್ನಡ ಅವನಿಗೆ, ಅವನ ಕನ್ನಡ ಅವರಿಗೆ ಪೂರ್ತಿ ಅರ್ಥವಾಗಲಿಲ್ಲವಂತೆ, ಇಬ್ಬರೂ ನಕ್ಕರಂತೆ. ಮಾತ್ರೆಗಳ ಹೆಸರು, ಹೊತ್ತು, ಏನಾದರೆ ಕೂಡಲೇ ಬರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಆ ಹಾಳೆ ಈಗಲೂ ಅವನ ಪರ್ಸಿನಲ್ಲಿದೆ, ಮಡಿಕೆಗಳಲ್ಲಿ ಹರಿದು ಟೇಪ್ ಅಂಟಿಸಿಕೊಂಡು. ಡಿಸ್ಚಾರ್ಜ್ ದಿನ ಫಾರ್ಮನ್ನು ಅವನೇ ತುಂಬಿಸಿದ. ಸಿಬ್ಬಂದಿಗೆ ಪೂರ್ತಿ ಅಂಕ. ಕೊನೆಯಲ್ಲಿ ಸಲಹೆ ಎಂಬಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದ: "ಸಾರಿಗೆ ಉಪ್ಪು ಸಾಲದು."